ಟೊರಾಂಟೊದ ಬಿಳಿ ಹದ್ದುಗಳು

ಟೊರಾಂಟೊ ನಗರದ ಪಶ್ಚಿಮಕ್ಕೆ ಎಟೋಬಿಕೊ ಅಂತ ಒಂದು ಭಾಗ ಇದೆ. ಅಲ್ಲಿ ಸೆಂಟೆನಿಯಲ್ ಪಾರ್ಕ್ ಅನ್ನುವ ದೊಡ್ಡ ಉದ್ಯಾನ. ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ ಅನ್ನಿಸುತ್ತದೆ. ಒಂದು ಮಗ್ಗುಲಿಗೆ ಗುಡ್ಡ. ಚಳಿಗಾಲದಲ್ಲಿ ಜನ ಅಲ್ಲಿ ಹಿಮದ ಮೇಲೆ ಜಾರುತ್ತಾರೆ. ಬೇಸಿಗೆಯಲ್ಲಿ ಆ ಗುಡ್ಡದ ಪಕ್ಕದ ಚಿಕ್ಕ ಸ್ಟೇಡಿಯಂನಲ್ಲಿ ಫುಟ್ಬಾಲ್ ನಡೆಯುತ್ತದೆ.

ನಾನು ಆ ಊರಿನಲ್ಲಿ ಕೆಲಸಕ್ಕಿದ್ದಾಗ ಒಂದು ಸಂಜೆ ವಾಕಿಂಗ್ ಹೋದವನು ಹೊಗೆಯ ವಾಸನೆ ಹಿಡಿದು ಆ ಸ್ಟೇಡಿಯಂ ಕಡೆ ನಡೆದೆ. ಗೇಟಿನ ಹತ್ತಿರ ಇಬ್ಬರು ಕೆಂಡದ ಮೇಲೆ ಮಾಂಸ ಸುಡುತ್ತಿದ್ದರು. ಬೆರಳುದ್ದದ ಉಂಡೆಗಳು. ಅದಕ್ಕೆ ಚೆವಾಪಿ ಅನ್ನುತ್ತಾರೆ. ದಪ್ಪ ರೊಟ್ಟಿಯ ಹೊಟ್ಟೆ ಸೀಳಿ, ಒಳಗೆ ಅದನ್ನು ತುಂಬಿ, ಮೇಲೆ ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ಒಳಗೆ ಹೋದರೆ ಸರ್ಬಿಯಾದಿಂದ ವಲಸೆ ಬಂದವರ ಕ್ಲಬ್ಬಿನ ಪಂದ್ಯ, ಗ್ಯಾಲರಿಯಲ್ಲಿ ಕೆಲವು ನೂರು ಜನ. ನಾನು ಒಬ್ಬ ಮುದುಕರ ಪಕ್ಕ ಕೂತೆ. ಅವರು ಕಾಗದದ ಪೊಟ್ಟಣದಿಂದ ಸೂರ್ಯಕಾಂತಿ ಬೀಜ ತೆಗೆದು ಹಲ್ಲಲ್ಲಿ ಒಡೆದು, ಸಿಪ್ಪೆ ಉಗಿದು ತಿನ್ನುತ್ತಿದ್ದರು. ಥೇಟ್ ನಾವು ಕಡಲೆಕಾಯಿ ತಿನ್ನುವ ಹಾಗೆ. ಪೊಟ್ಟಣ ನನ್ನ ಕಡೆ ಚಾಚಿ ಯಾವ ದೇಶ ಅಂತ ಕೇಳಿದರು. ಇಂಡಿಯಾ ಅಂದೆ. ಒಂದು ಕ್ಷಣ ಯೋಚಿಸಿ ಹೇಳಿದರು: 'ಮೆಲ್ಬರ್ನ್. 1956. ನಾಲ್ಕು ಒಂದು.'

ನನಗೆ ತಕ್ಷಣ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್. ಫುಟ್ಬಾಲ್ ಸೆಮಿಫೈನಲ್. ಭಾರತ ಮತ್ತು ಯುಗೊಸ್ಲಾವಿಯಾ, ಅಂದರೆ ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ ಎಲ್ಲ ಸೇರಿ ಒಂದಾಗಿದ್ದ ಆಗಿನ ದೇಶ. ಮೊದಲ ಗೋಲು ನಮ್ಮದೇ, ನೆವಿಲ್ ಡಿಸೋಜಾ ಹೊಡೆದದ್ದು. ಆಮೇಲೆ ಅವರು ನಾಲ್ಕು ಗೋಲು ಗಳಿಸಿ ಗೆದ್ದರು. ಬೆಂಗಳೂರಿನಿಂದ ಹೋಗಿ ಮೋಹನ್ ಬಗಾನ್‌ನಲ್ಲಿ ಹೆಸರು ಮಾಡಿದ ಕೆಂಪಯ್ಯ ಆ ಒಲಿಂಪಿಕ್ಸ್‌ನ ಭಾರತ ತಂಡದಲ್ಲಿದ್ದರು. ಎದುರಾಳಿ ತಂಡದಲ್ಲಿ 19 ವರ್ಷದ ಒಬ್ಬ ಹುಡುಗ ಇದ್ದ. ಹೆಸರು ಡ್ರಾಗೊಸ್ಲಾವ್ ಶೆಕುಲಾರಾಟ್ಸ್. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ನಮಗೂ ಅವರಿಗೂ ಇನ್ನೊಂದು ಲೆಕ್ಕ ಇದೆ. 1952, ಹೆಲ್ಸಿಂಕಿ. ಅಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದೇ ಒಂದು ಗೋಲು ಹೊಡೆದವರು ಯಾರು ಗೊತ್ತಾ? ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಅಂತ ಕರೆಸಿಕೊಂಡ ಐವರಲ್ಲಿ ಒಬ್ಬರು. ಗೌತಮಪುರದಲ್ಲಿ ಪೆಲೆ ಪ್ರತಿಮೆ ನೋಡಿದ್ದೀರಿ ಅಲ್ವಾ? ಪೆಲೆಗೆ ಪ್ರತಿಮೆ ಇರಲಿ, ತುಂಬ ಸಂತೋಷ. ಅಹ್ಮದ್ ಖಾನ್ ಅವರ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಇರಲಿ, ಟೊರಾಂಟೊಗೆ ವಾಪಸ್ ಬರೋಣ. ನಾನು ಅವತ್ತು ನೋಡಿದ ತಂಡದ ಹೆಸರು ಸರ್ಬಿಯನ್ ವೈಟ್ ಈಗಲ್ಸ್. ಅವರ ಭಾಷೆಯಲ್ಲಿ ಬೆಲಿ ಒರ್ಲೊವಿ, ಬಿಳಿ ಹದ್ದುಗಳು. ಸರ್ಬಿಯಾದ ಲಾಂಛನದಲ್ಲಿ ಎರಡು ತಲೆಯ ಬಿಳಿ ಹದ್ದು ಇದೆ. ಎರಡು ತಲೆಯ ಹಕ್ಕಿ ಅಂದರೆ ನಮಗೆ ಗಂಡಭೇರುಂಡ ನೆನಪಾಗದೇ ಇರುತ್ತದಾ? ಮೈಸೂರು ಅರಮನೆ ನೋಡಿ ಬೆಳೆದ ನಮಗೆ ಆ ಹದ್ದು ಹೊಸದು ಅನ್ನಿಸುವುದಿಲ್ಲ. ಆ ಹೆಸರಿನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಇದೇ ಹೆಸರಿಟ್ಟುಕೊಂಡ ಒಂದು ಸಶಸ್ತ್ರ ಗುಂಪು ಬಹಳ ಕ್ರೌರ್ಯ ನಡೆಸಿತು. ಈ ಕ್ಲಬ್ಬಿಗೆ ಹೆಸರಿಟ್ಟದ್ದು ಅದಕ್ಕೂ ಎರಡು ದಶಕ ಮೊದಲು. ಇಬ್ಬರ ಹೆಸರೂ ಒಂದೇ, ಅಷ್ಟೇ.

ಕ್ಲಬ್ ಹುಟ್ಟಿದ್ದು 1968ರಲ್ಲಿ. ಈಗ ಒಂದು ಸ್ವಾರಸ್ಯ ನೋಡಿ. ಅದೇ 1968ರಲ್ಲಿ, ಭೂಮಿಯ ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲೂ ಸರ್ಬಿಯನ್ನರ ಒಂದು ಕ್ಲಬ್ ಹುಟ್ಟಿತು. ಅದರ ಹೆಸರು ಬಾನಿರಿಗ್ ವೈಟ್ ಈಗಲ್ಸ್. ಅದೇ ಹದ್ದು, ಅದೇ ವರ್ಷ. ಅದಕ್ಕೆ ಕಾರಣ ಸಿಗಬೇಕಾದರೆ ಆಗಿನ ಯುಗೊಸ್ಲಾವಿಯಾದಲ್ಲಿ ಏನಾಗುತ್ತಿತ್ತು ಅಂತ ನೋಡಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಒಂದಷ್ಟು ಸರ್ಬಿಯನ್ನರು ಊರಿಗೆ ಮರಳಲಿಲ್ಲ. ರಾಜನ ಸೈನ್ಯದಲ್ಲಿದ್ದು ಜರ್ಮನರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದವರು, ಟಿಟೊ ಅವರ ಕಮ್ಯುನಿಸ್ಟ್ ಸರ್ಕಾರ ಬೇಡ ಅಂದವರು. ಶಿಬಿರಗಳಿಂದ ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಂತ ಚದುರಿ ಹೋದರು. ಇದು ಮೊದಲ ಅಲೆ. ಇವರಿಗೆ ಊರು ಅನ್ನುವುದು ಮುಚ್ಚಿದ ಬಾಗಿಲು. 1960ರ ದಶಕದ ಮಧ್ಯದಲ್ಲಿ ಟಿಟೊ ಸರ್ಕಾರ ಗಡಿ ಸಡಿಲಿಸಿತು. ಆರ್ಥಿಕ ಸುಧಾರಣೆ ಶುರುವಾಗಿ ಊರಲ್ಲಿ ಕೆಲಸಕ್ಕೆ ಬರ ಬಂದಿತ್ತು. ಯಾರು ಬೇಕಾದರೂ ಹೋಗಿ ದುಡಿಯಿರಿ ಅಂದರು. ಲಕ್ಷಾಂತರ ಜನ ಜರ್ಮನಿಗೆ ಹೋದರು, ಕೆಲವರು ಸಮುದ್ರ ದಾಟಿದರು. ಇದು ಎರಡನೇ ಅಲೆ. ಇವರು ಹಗ್ಗ ಕಡಿದುಕೊಂಡು ಬಂದವರಲ್ಲ. ಊರಿಗೆ ಕಾಗದ ಬರೆಯುತ್ತಿದ್ದರು, ದುಡ್ಡು ಕಳಿಸುತ್ತಿದ್ದರು, ರಾಜಧಾನಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡ ಭಾನುವಾರ ಗೆದ್ದಿತಾ ಅಂತ ಕೇಳುತ್ತಿದ್ದರು.

ಕೆನಡಾ ಕಡೆಯಿಂದಲೂ ಒಂದು ಬಾಗಿಲು ತೆರೆಯಿತು. 1967ರಲ್ಲಿ ಅವರು ವಲಸೆಗೆ ಅಂಕಗಳ ಪದ್ಧತಿ ತಂದರು. ಬಣ್ಣ, ಹುಟ್ಟಿದ ದೇಶ ನೋಡುವುದು ಬಿಟ್ಟು ಓದು, ಕಸುಬು, ಭಾಷೆ ನೋಡಿ ಅಂಕ ಕೊಡತೊಡಗಿದರು. ಇದು ನಮಗೂ ಸೇರಿದ ಕಥೆ. ಅದೇ ನಿಯಮದ ಕೈಹಿಡಿದು ನಮ್ಮ ಎಂಜಿನಿಯರುಗಳು, ಡಾಕ್ಟರುಗಳು, ಮೇಷ್ಟ್ರುಗಳು ಟೊರಾಂಟೊಗೆ ಹೋದರು. 1970ರ ದಶಕದಲ್ಲಿ ಅಲ್ಲಿ ಕನ್ನಡ ಸಂಘ ಕಟ್ಟಿದರು. ನಮ್ಮವರು ನಾಟಕ, ಗಣೇಶ, ರಾಜ್ಯೋತ್ಸವ ಅಂತ ಸೇರಿದರು. ಸರ್ಬಿಯನ್ನರು ಚರ್ಚು ಮತ್ತು ಫುಟ್ಬಾಲ್ ಅಂತ ಸೇರಿದರು.

ಚರ್ಚು ಅಂದೆ. ಅದರಲ್ಲೂ ಒಂದು ನೋವಿತ್ತು. 1963ರಲ್ಲಿ ಉತ್ತರ ಅಮೆರಿಕದ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚು ಇಬ್ಭಾಗವಾಯಿತು. ಬೆಲ್‌ಗ್ರೇಡಿನ ಧರ್ಮಗುರುಗಳ ಮಾತು ಕೇಳಬೇಕು ಅನ್ನುವವರು ಒಂದು ಕಡೆ. ಅವರು ಕಮ್ಯುನಿಸ್ಟರ ಹಿಡಿತದಲ್ಲಿದ್ದಾರೆ, ನಮಗೆ ಬೇಡ ಅನ್ನುವವರು ಇನ್ನೊಂದು ಕಡೆ. ಒಂದೇ ಊರಲ್ಲಿ ಎರಡು ಚರ್ಚು. ಅಣ್ಣ ಒಂದಕ್ಕೆ, ತಮ್ಮ ಇನ್ನೊಂದಕ್ಕೆ. ಈ ಬಿರುಕು ಅಧಿಕೃತವಾಗಿ ಮುಚ್ಚಿದ್ದು 1990ರ ದಶಕದ ಆರಂಭದಲ್ಲಿ. ಅಂದರೆ ಕ್ಲಬ್ ಕಟ್ಟಿದಾಗ ಆ ಜನ ಹೀಗೆ ಒಡೆದುಹೋಗಿದ್ದರು. ಗ್ಯಾಲರಿಯಲ್ಲಿ ಕೂತಾಗ ಯಾವ ಚರ್ಚು ಅಂತ ಯಾರೂ ಕೇಳುವುದಿಲ್ಲ, ನಮ್ಮವರು ಗೋಲು ಹೊಡೆದರಾ ಅಂತ ಮಾತ್ರ ಕೇಳುತ್ತಾರೆ. ಇಂಥ ಒಂದು ಜಾಗ ಆ ಹೊತ್ತಿನಲ್ಲಿ ಎಷ್ಟು ಬೇಕಾಗಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಆಗ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ನ್ಯಾಷನಲ್ ಸಾಕರ್ ಲೀಗ್ ಅಂತ ಇತ್ತು. 1926ರಷ್ಟು ಹಳೆಯದು. ಅದರ ತಂಡಗಳ ಹೆಸರು ಓದಿದರೆ ಭೂಪಟ ಓದಿದ ಹಾಗೆ. ಟೊರಾಂಟೊ ಇಟಾಲಿಯಾ, ಟೊರಾಂಟೊ ಕ್ರೊಯೇಷಿಯಾ, ಹಂಗೇರಿ ಜನರದ್ದು, ಉಕ್ರೇನಿನವರದ್ದು, ಗ್ರೀಕರದ್ದು, ಪೋರ್ಚುಗೀಸರದ್ದು. ಬಿಳಿ ಹದ್ದುಗಳು ಈ ಲೀಗಿಗೆ ಬಂದರು. ಅದು ಅರೆ ವೃತ್ತಿಪರ ಲೀಗ್. ಇಲ್ಲಿ ಅರೆ ವೃತ್ತಿಪರ ಅನ್ನುವ ಮಾತನ್ನು ಬಿಡಿಸಿ ಹೇಳಬೇಕು. ಆಟಗಾರನಿಗೆ ದುಡ್ಡು ಸಿಗುತ್ತದೆ, ಆದರೆ ಅದರಲ್ಲಿ ಮನೆ ನಡೆಯುವುದಿಲ್ಲ. ಬೆಳಿಗ್ಗೆ ಕಾರ್ಖಾನೆ ಅಥವಾ ಕಟ್ಟಡದ ಕೆಲಸ, ಸಂಜೆ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಇನ್ನು ಹೊಸದಾಗಿ ಬಂದಿಳಿದ ಆಟಗಾರನಿಗೆ ಹಣಕ್ಕಿಂತ ಮುಖ್ಯವಾದದ್ದು ಬೇರೆ ಇರುತ್ತದೆ. ಒಂದು ಕೆಲಸ, ಇರಲು ಒಂದು ರೂಮು, ಕಾಗದಪತ್ರಕ್ಕೆ ಸಹಾಯ. ಅದೆಲ್ಲ ಗ್ಯಾಲರಿಯಲ್ಲಿ ಕೂತ ಯಾರದೋ ಪರಿಚಯದಿಂದ ಆಗಬೇಕು. ಹೀಗಾಗಿ ಇಂಥ ಕ್ಲಬ್ಬಿನಲ್ಲಿ ಪ್ರೇಕ್ಷಕರು ಬರೀ ಪ್ರೇಕ್ಷಕರಲ್ಲ.

ಈಗ ಆ 19 ವರ್ಷದ ಹುಡುಗನ ವಿಷಯಕ್ಕೆ ಬರೋಣ. ಶೆಕುಲಾರಾಟ್ಸ್ ಅವರನ್ನು ಎಲ್ಲರೂ ಶೆಕಿ ಅನ್ನುತ್ತಿದ್ದರು. ಮೆಲ್ಬರ್ನ್‌ನಲ್ಲಿ ಬೆಳ್ಳಿ ಪದಕ. 1958 ಮತ್ತು 1962ರ ವಿಶ್ವಕಪ್. ರೆಡ್ ಸ್ಟಾರ್‌ನಲ್ಲಿ ಒಂದು ದಶಕಕ್ಕೂ ಜಾಸ್ತಿ ಆಟ. ಚೆಂಡು ಅವರ ಕಾಲಿಗೆ ಸಿಕ್ಕರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಸಿಟ್ಟೂ ಅಷ್ಟೇ. 1962ರಲ್ಲಿ ಒಂದು ಲೀಗ್ ಪಂದ್ಯದಲ್ಲಿ ರೆಫರಿಯ ಮೇಲೆ ಕೈಮಾಡಿ 18 ತಿಂಗಳು ಆಟದಿಂದ ಹೊರಗುಳಿದರು. ವಯಸ್ಸು 25ರ ಸುಮಾರು, ಆಟ ತುಂಬಿ ಬರುವ ಕಾಲ. ಅದನ್ನು ಓದುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಆಮೇಲೆ ಜರ್ಮನಿ, ಅಲ್ಲಿಂದ ಕೊಲಂಬಿಯಾ ಅಂತ ಸುತ್ತಿದರು. 1970ರ ದಶಕದಲ್ಲಿ, ಆಟದ ಕೊನೆಯ ವರ್ಷಗಳಲ್ಲಿ, ಟೊರಾಂಟೊಗೆ ಬಂದು ಬಿಳಿ ಹದ್ದುಗಳ ಪರವಾಗಿ ಆಡಿದರು.

ಇದರ ಅರ್ಥ ಎಷ್ಟು ದೊಡ್ಡದು ಅಂತ ಯೋಚಿಸಿ. ರೇಡಿಯೊದಲ್ಲಿ ಮಾತ್ರ ಕೇಳಿದ್ದ ಹೆಸರು. ಈಗ ಅವರು ನಿಮ್ಮ ಊರಿನ ಮೈದಾನದಲ್ಲಿ, ನಿಮ್ಮ ಕಣ್ಣಳತೆಯಲ್ಲಿ. ನನ್ನ ಪಕ್ಕ ಕೂತಿದ್ದ ಮುದುಕರು ಮುಂದೊಂದು ದಿನ ಅದನ್ನು ಹೇಳುವಾಗ ಮಾತಿಗಿಂತ ಕಾಲನ್ನೇ ಜಾಸ್ತಿ ಬಳಸಿದರು. ಎದ್ದು ನಿಂತು, ಗ್ಯಾಲರಿಯ ಮೆಟ್ಟಿಲ ಮೇಲೆಯೇ ಎಡಗಾಲಿನಿಂದ ಒಂದು ಕಾಣದ ಚೆಂಡನ್ನು ಹಿಂದಕ್ಕೆಳೆದು, ಸೊಂಟ ತಿರುಗಿಸಿ ತೋರಿಸಿದರು. ಮೊಣಕಾಲು ನೋವಿನವರು. ಪಕ್ಕದಲ್ಲಿದ್ದ ಹುಡುಗರು 'ಚಿಕ, ಕೂತ್ಕೊಳ್ಳಿ' ಅಂತ ಕೈಹಿಡಿದರು. ಚಿಕ ಅಂದರೆ ಅವರಲ್ಲಿ ಹಿರಿಯರನ್ನು ಕರೆಯುವ ಮಾತು, ನಮ್ಮ ಚಿಕ್ಕಪ್ಪ ಇದ್ದ ಹಾಗೆ. ನನ್ನ ಕಿವಿಗೆ ಅದು ನಮ್ಮ ಮನೆಯ ಮಾತೇ ಆಗಿ ಕೇಳಿಸಿತು. ಆಮೇಲೆ ನಾನೂ ಅವರನ್ನು ಚಿಕ ಅಂತಲೇ ಕರೆದೆ.

1970ರ ದಶಕದಲ್ಲಿ ಟೊರಾಂಟೊ ಕ್ರೊಯೇಷಿಯಾ ಜೊತೆಗಿನ ಪಂದ್ಯವೇ ವರ್ಷದ ಪಂದ್ಯ. ಆ ಕ್ಲಬ್ 1956ರಲ್ಲೇ ಹುಟ್ಟಿದ್ದು. ಅವರದ್ದೂ ಒಂದು ದೊಡ್ಡ ಕಥೆ. 1975ರಲ್ಲಿ ಅವರು ಟೊರಾಂಟೊ ಮೆಟ್ರೋಸ್ ಅನ್ನುವ ತಂಡದ ಜೊತೆ ಸೇರಿಕೊಂಡರು. ಮರುವರ್ಷ, ಪೋರ್ಚುಗಲ್‌ನ ಯುಸೇಬಿಯೊ ಅವರನ್ನು ಇಟ್ಟುಕೊಂಡು, ಸಿಯಾಟಲ್‌ನಲ್ಲಿ ಮಿನ್ನೆಸೋಟ ತಂಡವನ್ನು 3-0ಯಿಂದ ಸೋಲಿಸಿ ಇಡೀ ಉತ್ತರ ಅಮೆರಿಕದ ಚಾಂಪಿಯನ್ ಆದರು. ವಲಸಿಗರು ಕಟ್ಟಿದ ಒಂದು ಕ್ಲಬ್! ಆದರೆ ಲೀಗ್ ನಡೆಸುವವರಿಗೆ ಕ್ರೊಯೇಷಿಯಾ ಅನ್ನುವ ಹೆಸರು ಇಷ್ಟವಿರಲಿಲ್ಲ. ಕೆಲವೇ ವರ್ಷಗಳಲ್ಲಿ ತಂಡ ಕೈಬದಲಾಗಿ ಟೊರಾಂಟೊ ಬ್ಲಿಜಾರ್ಡ್ ಆಯಿತು. ಕ್ರೊಯೇಷಿಯನ್ನರು ತಮ್ಮ ಹೆಸರು ಎತ್ತಿಕೊಂಡು ಹಳೆಯ ಲೀಗಿಗೇ ಮರಳಿದರು.

ಈ ಹೆಸರಿನ ಜಗಳ ಆಸ್ಟ್ರೇಲಿಯಾದಲ್ಲಿ ಇನ್ನೂ ಜೋರಾಗಿ ನಡೆಯಿತು. ಅಲ್ಲಿ 1990ರ ದಶಕದಲ್ಲೇ ಕ್ಲಬ್ಬುಗಳಿಗೆ ನಿಮ್ಮ ಜನಾಂಗದ ಹೆಸರು, ಗುರುತು ತೆಗೆಯಿರಿ ಅಂತ ಒತ್ತಡ ಬಂತು. 2014ರಲ್ಲಿ ಅದನ್ನೇ ನಿಯಮ ಮಾಡಿದರು. 2019ರಲ್ಲಿ ಆ ನಿಯಮ ಹಿಂದಕ್ಕೆ ಹೋಯಿತು. ಒತ್ತಡಕ್ಕೆ ಕಾರಣವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. 2005ರಲ್ಲಿ ಸಿಡ್ನಿಯಲ್ಲಿ ಬಾನಿರಿಗ್ ಮತ್ತು ಕ್ರೊಯೇಷಿಯನ್ನರ ಸಿಡ್ನಿ ಯುನೈಟೆಡ್ ಪಂದ್ಯದಲ್ಲಿ ಬೆಂಬಲಿಗರು ಹೊಡೆದಾಡಿಕೊಂಡರು. ಅದು ತಪ್ಪೇ. ಆದರೆ ಹೆಸರು ಕಿತ್ತರೆ ಸಿಟ್ಟು ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೆಸರಿಗಾಗಿಯೇ ಜನ ಬಿಡುವಿನ ಭಾನುವಾರ ಬಂದು ಹುಲ್ಲು ಕತ್ತರಿಸುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಜೆರ್ಸಿ ಒಗೆಯುತ್ತಾರೆ. ಹೆಸರು ಕಿತ್ತರೆ ಆ ಕೈಗಳೂ ಹೋಗುತ್ತವೆ.

1980ರ ದಶಕ ಬರುವ ಹೊತ್ತಿಗೆ ಬಿಳಿ ಹದ್ದುಗಳು ದೊಡ್ಡ ಲೀಗಿನಿಂದ ಮರೆಯಾದರು. ಹೊಸ ಜನ ಬರುವುದು ಕಡಿಮೆಯಾಗಿತ್ತು. ಮೊದಲು ಬಂದವರ ಮಕ್ಕಳು ಬೆಳೆದಿದ್ದರು, ಐಸ್ ಹಾಕಿ ಆಡುತ್ತಿದ್ದರು, ದೂರದ ಬಡಾವಣೆಗಳಿಗೆ ಮನೆ ಮಾಡಿಕೊಂಡು ಹೋಗಿದ್ದರು. ಇದನ್ನು ನಾನು ಸೋಲು ಅಂತ ನೋಡುವುದಿಲ್ಲ. ಊರು ಹಿಡಿಸಿತು ಅಂದರೆ ಹೀಗೇ ಆಗುತ್ತದೆ. ನಮ್ಮ ಸಂಘಗಳಲ್ಲೂ ಎರಡನೇ ತಲೆಮಾರು ಬರುವುದು ಕಡಿಮೆ ಅಲ್ವಾ?

ಆಮೇಲೆ 1991. ಯುಗೊಸ್ಲಾವಿಯಾ ಒಡೆಯಿತು. ಯುದ್ಧ, ದಿಗ್ಬಂಧನ, ಹಣದುಬ್ಬರ, 1999ರಲ್ಲಿ ಬಾಂಬುಗಳು. ಬೋಸ್ನಿಯಾ, ಕ್ರೊಯೇಷಿಯಾದಿಂದ ನಿರಾಶ್ರಿತರಾಗಿ ಓಡಿ ಬಂದವರು, ಬೆಲ್‌ಗ್ರೇಡಿನಿಂದ ಪದವಿ ಹಿಡಿದು ಬಂದ ಎಂಜಿನಿಯರುಗಳು, ಹೀಗೆ ಟೊರಾಂಟೊಗೆ ಮೂರನೇ ಅಲೆ ಬಂತು. ಇವರ ಜೊತೆ ಆಟಗಾರರೂ ಬಂದರು, ಆಟ ನೋಡಿ ಬೆಳೆದವರೂ ಬಂದರು. ಈ ಕ್ಲಬ್ಬಿನ ಏಳುಬೀಳು ನೋಡಬೇಕಾದರೆ ಅಂಕಪಟ್ಟಿ ಬೇಡ, ವಲಸೆಯ ಇತಿಹಾಸ ಮುಂದೆ ಇಟ್ಟುಕೊಂಡರೆ ಸಾಕು ಅಂತ ನಾನು ಹೇಳುವುದು ಇದಕ್ಕೇ. ಜನ ಬಂದಾಗ ಕ್ಲಬ್ ಎದ್ದಿತು. ಬರುವುದು ನಿಂತಾಗ ಮಲಗಿತು. ಮತ್ತೆ ಬಂದರು, ಮತ್ತೆ ಎದ್ದಿತು.

2006ರಲ್ಲಿ ಬಿಳಿ ಹದ್ದುಗಳು ಕೆನಡಿಯನ್ ಸಾಕರ್ ಲೀಗಿಗೆ ಬಂದರು. ಲೀಗಿನವರು ಆ ವರ್ಷ ವಲಸಿಗರ ಕ್ಲಬ್ಬುಗಳಿಗಾಗಿಯೇ ಇಂಟರ್‌ನ್ಯಾಷನಲ್ ಡಿವಿಷನ್ ಅಂತ ಒಂದು ವಿಭಾಗ ಮಾಡಿದ್ದರು. ಹೆಸರು ಅಡಗಿಸುವ ಬದಲು ಎತ್ತಿ ಹಿಡಿದರು. ಆ ವರ್ಷದ ಕೋಚ್ ಯಾರು? ಶೆಕಿ. ಅಷ್ಟು ಹೊತ್ತಿಗೆ ಅವರು ಗ್ವಾಟೆಮಾಲಾ ದೇಶದ ತಂಡಕ್ಕೆ ಕೋಚ್ ಆಗಿದ್ದರು. 1989-90ರಲ್ಲಿ ರೆಡ್ ಸ್ಟಾರ್‌ಗೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟಿದ್ದರು. 68ನೇ ವಯಸ್ಸಿನಲ್ಲಿ ಮತ್ತೆ ಟೊರಾಂಟೊಗೆ ಬಂದು, ಎಟೋಬಿಕೊದ ಆ ಚಿಕ್ಕ ಮೈದಾನದ ಅಂಚಿನಲ್ಲಿ ನಿಂತರು. ನಾನು ಅದನ್ನು ಕಣ್ಣಾರೆ ನೋಡಲಿಲ್ಲ. ಒಂದೆರಡು ವರ್ಷ ತಡವಾಗಿ ಹೋದೆ. ಆ ಕೊರಗು ನನಗೆ ಇವತ್ತಿಗೂ ಇದೆ. ಅವರು 2019ರ ಜನವರಿಯಲ್ಲಿ ತೀರಿಕೊಂಡರು.

2006ರ ಆ ಮೊದಲ ವರ್ಷವೇ ಬಿಳಿ ಹದ್ದುಗಳಿಗೆ ಫೈನಲ್. ಇಟಾಲಿಯಾ ಶೂಟರ್ಸ್ ಎದುರು ಸೋಲು. 2007ರಲ್ಲಿ ಮತ್ತೆ ಫೈನಲ್, ಎದುರಿಗೆ ಟೊರಾಂಟೊ ಕ್ರೊಯೇಷಿಯಾ. ಸೋಲಲೇಬಾರದವರ ಎದುರು ಸೋಲು. 2008ರಲ್ಲಿ ಮೂರನೇ ಸಲ. ಈ ಬಾರಿ ಎದುರಾಳಿ ಕ್ಯೂಬೆಕ್‌ನ ತ್ರುವಾ ರಿವಿಯೇರ್ ತಂಡ. ಪಂದ್ಯ ಪೆನಾಲ್ಟಿಗೆ ಹೋಯಿತು. ಬಿಳಿ ಹದ್ದುಗಳು ಗೆದ್ದರು. ಚಿಕ ಅದನ್ನು ಹೇಳುವಾಗ ಒಂದೊಂದು ಪೆನಾಲ್ಟಿಯನ್ನೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಮುಷ್ಟಿ ಬಿಚ್ಚಿ, ಕೈ ಕೊಡವಿ, ಮುಗೀತು ಅನ್ನುತ್ತಿದ್ದರು.

ಆ ನಂತರ ಲೀಗಿಗೇ ಕೆಟ್ಟ ಕಾಲ ಬಂತು. 2009ರಲ್ಲಿ ನಡೆದ ಒಂದು ಪಂದ್ಯದಲ್ಲಿ ಬಾಜಿ ಕಟ್ಟುವವರ ಕೈವಾಡ ಇತ್ತು ಅನ್ನುವುದು ಜರ್ಮನಿಯ ಕೋರ್ಟಿನಲ್ಲಿ ಹೊರಬಿತ್ತು. ಆ ಪಂದ್ಯ ಬಿಳಿ ಹದ್ದುಗಳದ್ದಲ್ಲ. ಆದರೂ ಹೆಸರು ಕೆಟ್ಟದ್ದು ಇಡೀ ಲೀಗಿಗೆ. 2013ರಲ್ಲಿ ಕೆನಡಾದ ಫುಟ್ಬಾಲ್ ಸಂಸ್ಥೆ ಲೀಗಿಗೆ ಕೊಟ್ಟಿದ್ದ ಮಾನ್ಯತೆ ವಾಪಸ್ ಪಡೆಯಿತು. ಮರುವರ್ಷ ಒಂಟಾರಿಯೊದಲ್ಲಿ ಮಾನ್ಯತೆ ಇರುವ ಬೇರೆ ಲೀಗ್ ಶುರುವಾಯಿತು. ಕೆಲವು ಕ್ಲಬ್ಬುಗಳು ಬಿಟ್ಟುಹೋದವು. ಬಿಳಿ ಹದ್ದುಗಳು ಹಳೆಯ ಲೀಗಿನಲ್ಲೇ ಉಳಿದು ಆಡಿದರು. 2016ರಲ್ಲಿ ಮತ್ತೆ ಚಾಂಪಿಯನ್ ಆದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಗಲಿಲ್ಲ. ಮೈದಾನದ ಹತ್ತಿರ ಚೆವಾಪಿ ಸುಡುವವರಿಗೆ ಅದು ಬೇಕಾಗಿಯೂ ಇರಲಿಲ್ಲ.

ನಾನು ಆ ಊರು ಬಿಡುವ ಮುಂಚೆ ಕೊನೆಯದಾಗಿ ನೋಡಿದ ಪಂದ್ಯದ ದಿನ ಸಣ್ಣಗೆ ಮಳೆ. ಗ್ಯಾಲರಿಯಲ್ಲಿ ಜನ ಕಡಿಮೆ. ಚಿಕ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಅದೇ ಜಾಗದಲ್ಲಿ ಕೂತಿದ್ದರು. ಪಂದ್ಯ ಮುಗಿದ ಮೇಲೆ ಒಂದಷ್ಟು ಮಕ್ಕಳು ಬೇಲಿ ಹಾರಿ ಮೈದಾನಕ್ಕೆ ಇಳಿದರು. ಎಂಟು, ಹತ್ತು ವರ್ಷದವರು. ಮಾತೆಲ್ಲ ಇಂಗ್ಲಿಷಿನಲ್ಲೇ. ಒಬ್ಬ ಹುಡುಗ ಹೊಡೆದ ಚೆಂಡು ಗ್ಯಾಲರಿಯ ಕೆಳಗೆ ಉರುಳಿ ಬಂತು. ಅವನು ಓಡಿ ಬಂದು ಬೇಲಿ ಹಿಡಿದು ನಿಂತು, ಇಂಗ್ಲಿಷಿನಲ್ಲಿ ಚೆಂಡು ಕೊಡಿ ಅಂದ. ಆ ವಾಕ್ಯದ ಕೊನೆಗೆ ಮಾತ್ರ 'ಚಿಕ' ಅಂತ ಸೇರಿಸಿದ. ಮುದುಕರು ಬೀಜದ ಪೊಟ್ಟಣ ನನ್ನ ಕೈಗೆ ಕೊಟ್ಟು, ಎದ್ದು, ಮೊಣಕಾಲು ಹಿಡಿದುಕೊಂಡೇ ನಾಲ್ಕು ಮೆಟ್ಟಿಲು ಇಳಿದು, ಎಡಗಾಲಿನಿಂದ ಚೆಂಡನ್ನು ಬೇಲಿಯಾಚೆ ದಾಟಿಸಿದರು.